ಇದು ಯಾರ ಮನಿ ಸುದ್ದಿ?

ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದು ಪ್ರೊಜೆಕ್ಟರು ಕೈಕೊಡಬಹುದಿತ್ತು. ಎರಡೂ ನೆಟ್ಟಗಿದ್ದು, ನನ್ನ ಲ್ಯಾಪ್‌ಟಾಪು ಸರಿಯಾಗಿ ಆ ಹೊತ್ತಿಗೇ ಅಪ್‌ಡೇಟ್ ಆಗುತ್ತೇನೆಂದು ಹಟ ಹಿಡಿದು ಕೂರಬಹುದಿತ್ತು. ಕನ್ನಡ ಅಕ್ಷರಗಳೆಲ್ಲ ಪರದೆಯ ಮೇಲೆ ಖಾಲಿ ಚೌಕಗಳಾಗಿ ಮೂಡಬಹುದಿತ್ತು. ಹಾರೂಗೇರಿಯಿಂದ ಚಿಕ್ಕೋಡಿಗೆ ಬರುವ ನನ್ನ ಬಸ್ಸು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಳ್ಳಬಹುದಿತ್ತು. ಪರೀಕ್ಷಕರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬಹುದಿತ್ತು. ಅದಕ್ಕಿಂತ ಕೆಟ್ಟದ್ದು, ನಾನು ಇಂಗ್ಲಿಷಿನಲ್ಲೇ ಉತ್ತರ ಕೊಡಬಹುದಿತ್ತು. ಪ್ಯಾಂಟಿನ ಜಿಪ್ಪು. ಬೆಳಿಗ್ಗೆ ತಿಂದ ಅವಲಕ್ಕಿ. ನಲವತ್ತಾರು ದಾಟಿದ ನನ್ನನ್ನು ನೋಡಿ ಕಾಲೇಜಿನ ಹುಡುಗರು ಇವರೇ ಪರೀಕ್ಷಕರೆಂದು ಎದ್ದು ನಿಲ್ಲಬಹುದಿತ್ತು. ಅದಂತೂ ಹಿಂದೊಮ್ಮೆ ಆಗಿಯೂ ಇತ್ತು.

ನನ್ನ ಪದವಿಯ ಕೊನೆಯ ವೈವಾ ದಿನ ಇಷ್ಟನ್ನೂ ಮನಸ್ಸಿನಲ್ಲಿ ಜಪಿಸುತ್ತ ಬಸ್ಸು ಇಳಿದಿದ್ದೆ. ಈಗ ಅದೆಲ್ಲ ಮತ್ತೆ ನೆನಪಾಗಲು ಕಾರಣ, ಹೋದ ವಾರ ನಿಪ್ಪಾಣಿಯಿಂದ ಬಂದ ಒಂದು ಫೋನು. ನಮ್ಮ ಜೊತೆಗೆ ಓದಿದ ಹುಡುಗಿಯೊಬ್ಬಳು ಮಾಡಿದ್ದಳು. "ಕಾಕಾ, ಬಾಯಾರ ಹ್ವಾದ್ರು" ಎಂದಳು. ಬಾಯಾರು ತೀರಿಕೊಂಡ ಸುದ್ದಿ ಅದು.

ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ. ಮರಾಠಿಯ 'ಬಾಯಿ'ಗೆ ಕನ್ನಡದ ಮರ್ಯಾದೆ ಸೇರಿಸಿ ಮಾಡಿಕೊಂಡ ಮಾತು. ಚಿಕ್ಕೋಡಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುತ್ತಿದ್ದ ಇವರಿಗೆ ಬೇರೆ ಹೆಸರು ಇದ್ದೇ ಇತ್ತು. ಆದರೆ ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ಇಲ್ಲಿಯೂ ಬಾಯಾರೆಂದೇ ಇರಲಿ.

ನಾನು ಆಗ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಟೈಪಿಸ್ಟ್. ಹುದ್ದೆ ಇತ್ತು, ಟೈಪು ಮಾಡುವ ಕೆಲಸವೇ ಉಳಿದಿರಲಿಲ್ಲ. ಒಂದು ದಿನ ಮ್ಯಾನೇಜರ್ ಸಾಹೇಬರು ಒಳಗೆ ಕರೆದರು. ಅವರು ಮಂಡ್ಯದ ಕಡೆಯವರು. "ನೋಡಿ, ಹೊಸದೊಂದು ಡಿಗ್ರಿ ಬಂದಿದೆ. ಅಪ್ರೆಂಟಿಸ್ ಥರ. ನಾಲ್ಕು ದಿನ ಇಲ್ಲಿ ಕೆಲಸ, ಎರಡು ದಿನ ಕಾಲೇಜು. ಡೇಟಾ ಅನಾಲಿಸಿಸ್. ಪಾಸಾದ್ರೆ ಇಲ್ಲೇ ಫ್ಯಾನ್ ಕೆಳಗೆ ಇರ್ತೀರಿ. ಇಲ್ಲಾಂದ್ರೆ ಕಾಟಾಕ್ಕೆ ಹಾಕ್ಬೇಕಾಗುತ್ತೆ" ಎಂದರು. ಕಾಟಾ ಎಂದರೆ ಕಬ್ಬಿನ ಗಾಡಿ ತೂಗುವ ಜಾಗ. ಧೂಳು, ಪಾಳಿ, ಮತ್ತು ತೂಕ ಕಡಿಮೆ ಬಂತೆಂದು ಅಂಗಿಯ ಕಾಲರಿಗೆ ಕೈಹಾಕುವ ಡ್ರೈವರುಗಳು. ಬಾಗಿಲು ಜೋರಾಗಿ ಬಡಿದರೂ ಎದೆ ಹಿಡಿದುಕೊಳ್ಳುವ ನನಗೆ ಪದವಿಯ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು.

ಮೊದಲ ದಿನ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬಾಯಾರು ಒಳಗೆ ಬಂದರು. ಗಿಡ್ಡ ಆಳು, ನೂಲಿನ ಸೀರೆ, ಹೆಗಲಿಗೆ ಒಂದು ಚೀಲ, ಮೂಗಿನ ತುದಿಗೆ ಜಾರುವ ಕನ್ನಡಕ. ನನ್ನನ್ನು ನೋಡಿ, "ಪಾಲಕರ ಸಭಾ ಇವತ್ತಿಲ್ರಿ" ಎಂದರು.

"ಪಾಲಕ ಅಲ್ರಿ ಬಾಯಾರ, ವಿದ್ಯಾರ್ಥಿ ಅದೀನ್ರಿ."

"ಹೌದಾ? ಹಂಗಾದ್ರ ಮುಂದ ಬರ್ರಿ ಭಾವು. ಅಲ್ಲಿ ಕುಂತ್ರ ಈ ವಯಸ್ಸಿನಾಗ ನಿಮಗ ಬೋರ್ಡ್ ಕಾಣೂದಿಲ್ಲ. ನನಗೂ ಕಾಣೂದಿಲ್ಲ, ಆದ್ರ ನಾ ಬೋರ್ಡಿನ ಬಾಜೂಕ ನಿಂತಿರ್ತೀನಿ."

ಅದೇ ದಿನ ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ನನ್ನ ಮಗನ ವಯಸ್ಸಿನ ಹುಡುಗ ಹುಡುಗಿಯರ ಸಾಲಿನಲ್ಲಿ ನಾನು ಸರಿಯಾಗಿ ನಟ್ಟನಡುವೆ ಬಂದೆ. ಬಾಯಾರು ನನ್ನ ಭುಜ ಹಿಡಿದು ಮುಂದಕ್ಕೆ ಎಳೆದು, "ನೋಡ್ರಿ, ಇದಕ್ಕ ಮೀಡಿಯನ್ ಅಂತಾರ. ಈ ಕಡೆ ಅರ್ಧ, ಆ ಕಡೆ ಅರ್ಧ. ತಾ ಏನೂ ಮಾಡಿರೂದಿಲ್ಲ, ಸುಮ್ನ ನಡುವ ನಿಂತಿರ್ತೈತಿ" ಎಂದರು. ನನ್ನ ಬದುಕನ್ನು ಇಷ್ಟು ಚುಟುಕಾಗಿ ಯಾರೂ ಹೇಳಿರಲಿಲ್ಲ. ಅಂದಿನಿಂದ ಹುಡುಗರಿಗೆ ನಾನು ಮೀಡಿಯನ್ ಕಾಕಾ.

ಅವರು ಎಣಿಸುತ್ತಿದ್ದದ್ದು, ನನ್ನನ್ನು ಅಣ್ಣನೆಂದು 'ಭಾವು' ಅನ್ನುತ್ತಿದ್ದದ್ದು ಮರಾಠಿಯಲ್ಲಿ, ಬಯ್ಯುತ್ತಿದ್ದದ್ದು ಕನ್ನಡದಲ್ಲಿ. ಹೊಗಳುವುದಕ್ಕೆ ಇನ್ನೂ ಭಾಷೆ ಹುಡುಕುತ್ತಿದ್ದರೆಂದು ಕಾಣುತ್ತದೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಅಪ್ರೆಂಟಿಸ್ ಇದ್ದ ಒಬ್ಬ ಹುಡುಗ ಬಣ್ಣಬಣ್ಣದ ಪೈ ಚಾರ್ಟು ಮಾಡಿಕೊಂಡು ಬಂದಿದ್ದ. ಬಾಯಾರು ಅದನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಏನ್ಲೇ ಇದು? ಊರ ಮಂದಿಗೆಲ್ಲಾ ಒಂದ ಭಾಕರಿ ಹರದಾಂಗ ಹರದೀಯಲ್ಲ. ಇದರಾಗ ಯಾರ ಹೊಟ್ಟಿ ತುಂಬಬೇಕು?" ಆಮೇಲೆ ಮೂರು ವರ್ಷ ನಮ್ಮ ಕ್ಲಾಸಿನಲ್ಲಿ ಯಾರೂ ಪೈ ಚಾರ್ಟಿನ ತಂಟೆಗೆ ಹೋಗಲಿಲ್ಲ.

ಅವರ ಇನ್ನೊಂದು ಮಾತು, 'ಇದು ಯಾರ ಮನಿ ಸುದ್ದಿ?' ಯಾವ ಅಂಕಿ ತೋರಿಸಿದರೂ ಮೊದಲು ಈ ಪ್ರಶ್ನೆ. ಅಥಣಿಯ ಹುಡುಗಿಯೊಬ್ಬಳು ಕಾಗವಾಡದ ಹತ್ತಿರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದಳು. ಹೋದ ವಾರ ನಿಪ್ಪಾಣಿಗೆ ಹೋಗಿ ಅಲ್ಲಿಂದ ನನಗೆ ಫೋನು ಮಾಡಿದವಳೂ ಅವಳೇ. ಅವಳ ಗ್ರಾಫಿನಲ್ಲಿ ಒಂದು ದಿನ ಮಾತ್ರ ಮಾಲು ಪೂರಾ ಸೊನ್ನೆಗೆ ಬಿದ್ದಿತ್ತು. "ಔಟ್‌ಲೈಯರ್ ಬಾಯಾರ, ತಗದ ಒಗದೀನಿ" ಎಂದಳು.

"ಒಗಿಯೂಕಿಂತ ಮೊದ್ಲ ಕೇಳಬೇಕವ್ವಾ. ಯಾರ ಮನಿ ಸುದ್ದಿ ಇದು?"

ಅವಳು ಹೋಗಿ ಕೇಳಿಕೊಂಡು ಬಂದಳು. ನೋಂದಣಿ ಮಾಡುವವನ ಮಗಳ ಮದುವೆಯಂತೆ ಅಂದು. ಎಲ್ಲರೂ ಊಟಕ್ಕೆ ಹೋಗಿ ಕೀಲಿ ಹಾಕಿದ್ದರಂತೆ. ಬಾಯಾರು ನಕ್ಕರು. "ನೋಡು, ಲಗ್ನದ ಊಟಾ ಬಿಟ್ಟು ಬರೇ ಸೊನ್ನಿ ತಗೊಂಡ ಬಂದಿದ್ದಿ."

ಅವರಲ್ಲಿ ದೋಷವೇ ಇರಲಿಲ್ಲವೆಂದಲ್ಲ. ತಪ್ಪು ಒಪ್ಪಿಕೊಳ್ಳುವುದೆಂದರೆ ಅವರಿಗೆ ಪ್ರಾಣಸಂಕಟ. ಒಮ್ಮೆ ಬೋರ್ಡಿನ ಮೇಲೆ ಸೂತ್ರವೊಂದನ್ನು ತಪ್ಪಾಗಿ ಬರೆದು ಎರಡು ಕ್ಲಾಸು ಅದರ ಮೇಲೆಯೇ ಲೆಕ್ಕ ಮಾಡಿಸಿದರು. ಯಾರೋ ತೋರಿಸಿಕೊಟ್ಟಾಗ ಕನ್ನಡಕ ಒರೆಸಿಕೊಂಡು, "ನೀವು ನೋಡ್ತೀರೋ ಇಲ್ಲೋ ಅಂತ ನೋಡಿದೆ" ಎಂದರು. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಅವರ ಕಿವಿ ಕೆಂಪಾಗಿದ್ದವು. ಸ್ಕೂಟಿ ಓಡಿಸುವುದಂತೂ ಹೇಳಬಾರದು. ಹಾರ್ನು ಹೊಡೆಯುವುದು ಬೈದ ಹಾಗೆ ಎಂದು ಅವರ ನಂಬಿಕೆ. ಅದಕ್ಕೇ ಬಾಯಲ್ಲೇ "ಏ ಸರಿಯಪಾ, ಸರಿಯವ್ವಾ" ಎಂದು ಕೂಗುತ್ತ, ಬ್ರೇಕು ಹಿಡಿಯದೆ ಸಂತೆಯ ನಡುವೆ ನುಗ್ಗುತ್ತಿದ್ದರು. ಅವರ ಹಿಂದೆ ಕೂತು ಹೋದ ದಿನಗಳಲ್ಲಿ ನಾನು ವಿಮೆಯ ಕಂತು ಕಟ್ಟಿದ್ದು ನೆನಪು ಮಾಡಿಕೊಂಡು ಸಮಾಧಾನಪಟ್ಟಿದ್ದೇನೆ.

ಮಂದಿಯ ಮನೆ ಸುದ್ದಿ ಇಷ್ಟು ಕೇಳುವವರು ತಮ್ಮ ಮನೆಯದನ್ನು ಹೇಳಲಿಲ್ಲ. ನಿಪ್ಪಾಣಿಯಲ್ಲಿ ಅಕ್ಕನ ಜೊತೆ ಇರುತ್ತಾರೆ, ಡಬ್ಬಿಯಲ್ಲಿ ದಿನಾ ಶೇಂಗಾ ಚಟ್ನಿ ತರುತ್ತಾರೆ, ಅದರಲ್ಲಿ ಖಾರ ಜಾಸ್ತಿ. ನಮಗೆ ತಿಳಿದದ್ದು ಇಷ್ಟೇ.

ಕೊನೆಯ ವರ್ಷ ಎಲ್ಲರೂ ತಾವು ಕೆಲಸ ಮಾಡುವ ಜಾಗದ್ದೇ ಒಂದು ಪ್ರಾಜೆಕ್ಟು ಮಾಡಬೇಕಿತ್ತು. ನಮ್ಮ ಕಾರ್ಖಾನೆಗೆ ಕಬ್ಬು ಹಾಕುವವರ ಹೆಸರುಗಳಲ್ಲಿ ಎರಡೆರಡು ಸಲ ಬಂದವರು ಬಹಳ. ಗಡಿಯ ಊರು ನೋಡಿ. ಮರಾಠಿ ರೂಢಿಯ ಗುಮಾಸ್ತ ರೈತನ ಹೆಸರು ಮೊದಲು, ಅವನ ತಂದೆಯ ಹೆಸರು ಆಮೇಲೆ ಬರೆದರೆ, ಇನ್ನೊಬ್ಬ ಅದನ್ನೇ ಹಿಂದುಮುಂದು ಬರೆದಿರುತ್ತಿದ್ದ. ನಾನು ಕಂಪ್ಯೂಟರಿಗೆ ಒಂದು ನಿಯಮ ಬರೆದುಕೊಟ್ಟೆ: ಊರು ಒಂದೇ, ಅಡ್ಡಹೆಸರು ಒಂದೇ ಇದ್ದು, ಉಳಿದ ಎರಡು ಹೆಸರು ಅದಲುಬದಲಾಗಿದ್ದರೆ ಇಬ್ಬರನ್ನೂ ಒಬ್ಬನೆಂದು ತಿಳಿ. ಅದು ಕಣ್ಣುಮುಚ್ಚಿ ತೆಗೆಯುವುದರೊಳಗೆ ನೂರಾರು ಜನರನ್ನು ಕೂಡಿಸಿಬಿಟ್ಟಿತು. ಮ್ಯಾನೇಜರ್ ಸಾಹೇಬರಿಗೆ ಆನಂದವೋ ಆನಂದ. ಹೊಸ ಯಾದಿಯ ಪ್ರಕಾರವೇ ಈ ಸಲ ಕಬ್ಬು ಕಡಿಯುವ ಪಾಳಿ ಹಚ್ಚುವುದೆಂದು ನಿಶ್ಚಯವಾಯಿತು. ಆ ಒಂದು ವಾರ ನಾನು ಯಾವ ಚಿಂತೆಯೂ ಇಲ್ಲದೆ ಊಟ ಮಾಡಿದೆ. ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

ವೈವಾಕ್ಕೆ ಇನ್ನೇನು ಎಂಟು-ಹತ್ತು ದಿನ ಇತ್ತು. ಬಾಯಾರಿಗೆ ತೋರಿಸಿದೆ. ಅವರು ಪರದೆಯ ಮೇಲಿನ ಒಂದು ಜೋಡಿಯ ಮೇಲೆ ಬೆರಳಿಟ್ಟರು. ಅಪ್ಪಾಸಾಹೇಬ ಬಾಳಾಸಾಹೇಬ, ಬಾಳಾಸಾಹೇಬ ಅಪ್ಪಾಸಾಹೇಬ.

"ಇದು ಯಾರ ಮನಿ ಸುದ್ದಿ?"

"ಕಬ್ಬೂರಿಂದರಿ ಬಾಯಾರ. ಇಬ್ಬರಲ್ರಿ, ಒಬ್ಬನ ಮನಷ್ಯಾ."

"ನೀವು ನೋಡೀರಿ ಅವನ್ನ?"

"ಇಲ್ರಿ. ಕಂಪ್ಯೂಟರ್…"

"ಕಂಪ್ಯೂಟರೂ ನೋಡಿಲ್ಲ. ನಡೀರಿ, ಹತ್ರಿ ಗಾಡಿ."

ಕಬ್ಬೂರಿನ ಆ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದ. ಅಪ್ಪಾಸಾಹೇಬ ಯಾರೆಂದು ಬಾಯಾರು ಕೇಳಿದರು. "ನಾನರಿ" ಎಂದ. ಬಾಳಾಸಾಹೇಬ? "ನಮ್ಮಪ್ಪರಿ. ಅಂವ ತೀರ್ಕೊಂಡು ಬಾಳ ದಿನಾ ಆತು."

ಹಾಗಾದರೆ ಇರುವವನು ಒಬ್ಬನೇ ಎಂದು ನನ್ನ ಜೀವ ನೆಟ್ಟಗಾಯಿತು. ಅಜ್ಜ ಬೀಡಿ ಆರಿಸಿ ಮುಂದುವರಿಸಿದ. "ನನ್ನ ಮಗನೂ ಬಾಳಾಸಾಹೇಬನ. ಅಜ್ಜನ ಹೆಸರ ಇಟ್ಟೀವಿ. ಹಿತ್ತಲದಾಗ ದನಕ್ಕ ನೀರ ಕುಡಸಾಕತ್ತಾನ, ಕರೀಲೇನ್ರಿ?"

ಬಾಯಾರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಅಜ್ಜನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. "ಅಜ್ಜಾ, ಇವರ ಕಂಪ್ಯೂಟರ್ ನಿಮ್ಮನ್ನ ತಗೊಂಡು ನಿಮ್ಮ ಮಗನೊಳಗ ಕೂಡಿಸೇತಿ."

"ನನ್ನ? ಅವನೊಳಗ?" ಅಜ್ಜ ಬೊಚ್ಚುಬಾಯಿ ತೆರೆದು ನಕ್ಕ. "ಅವನೊಳಗ ಜಾಗಾ ಎಲ್ಲೈತ್ರಿ ಬಾಯಾರ? ಅವನ ಹೇಂತಿ ಪೂರಾ ತುಂಬಕೊಂಡಾಳ."

ಒಳಗಿನಿಂದ ಬಳೆಯ ಸಪ್ಪಳದ ಜೊತೆ ದನಿ ಬಂತು. "ಮಾವಾ, ಚಹಾ ಬೇಕೋ ಬ್ಯಾಡೋ?"

"ಬೇಕವ್ವಾ, ಬೇಕ. ನಿನ್ನ ಸುದ್ದಿನ ಹೇಳಾಕತ್ತಿದ್ನಿ, ಛಲೋದ!"

ಚಹಾ ಬರುವಷ್ಟರಲ್ಲಿ ಅಜ್ಜನಿಗೆ ವಿಷಯ ತಲೆಗೆ ಹೋಗಿತ್ತು. ಅವನ ನಗು ನಿಂತಿತು. "ಅಂದ್ರ, ಕಾಲಿವಿ ಬಾಜೂದ ನನ್ನ ಕಬ್ಬಿಗೆ ಪಾಳಿ ಬರೂದಿಲ್ಲೇನ್ರಿ? ಅದು ನಾ ಒಬ್ಬನ ಮಾಡಿದ್ದರಿ. ಮಗನ ಕೈ ಹಚ್ಚಿಸಿಲ್ಲ. ನೀ ಮುದುಕ ಆಗೀ, ನಿನ್ನ ಕಡೆ ಆಗೂದಿಲ್ಲ ಅಂದಿದ್ದ ಅಂವ."

ನನ್ನ ಯಾದಿಯಲ್ಲಿ ಮಗನ ಹೊಲ ಇತ್ತು. ಕಾಲುವೆಯ ಪಕ್ಕದ್ದು ಇರಲಿಲ್ಲ.

ತಿರುಗಿ ಬರುವಾಗ ಬಾಯಾರು ಅಡ್ಡ ಬಂದ ಎಮ್ಮೆಗೆ ಸರಿಯವ್ವಾ ಎಂದರು. ಆಮೇಲೆ ಕತ್ತು ತಿರುಗಿಸದೆ ಕೇಳಿದರು. "ನಿಮ್ಮ ಮಗನ ಹೆಸರು ಏನ್ರಿ ಭಾವು?"

"ನಮ್ಮಪ್ಪಂದರಿ."

"ಹಂಗಾದ್ರ ಕಂಪ್ಯೂಟರ್ ಪ್ರಕಾರ ನಿಮ್ಮ ಮನ್ಯಾಗ ಎಷ್ಟ ಮಂದಿ ಅದೀರಿ?"

ಹಿರಿಯ ಮಗನಿಗೆ ಅಜ್ಜನ ಹೆಸರು ಇಡುವ ಸೀಮೆಯಲ್ಲಿ ಹುಟ್ಟಿ, ಅಜ್ಜನ ಹೆಸರು ಹೊತ್ತು, ಅಪ್ಪನ ಹೆಸರನ್ನು ಮಗನಿಗಿಟ್ಟ ನನಗೆ ಇದು ಹೊಳೆದಿರಲಿಲ್ಲ. ಹೊಳೆಯದಂತೆ ನೋಡಿಕೊಳ್ಳುವುದಕ್ಕೇ ಮೂರು ವರ್ಷ ಓದಿದ್ದೆನೇನೋ.

ಮರುದಿನ ಅವರೇ ಕಾರ್ಖಾನೆಗೆ ಬಂದರು. ಸಿಪಾಯಿ ಒಳಗೆ ಹೋಗಿ ಸಾಹೇಬರಿಗೆ, "ಬಾಯಾರ ಬಂದಾರ್ರಿ" ಎಂದ. ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. "ಬಾಯಾರಿದ್ರೆ ನೀರು ಕೊಡಯ್ಯ, ನನ್ನನ್ನೇನು ಕೇಳ್ತೀಯ?" ಅವನು ಹೊರಗೆ ಬಂದು ಒಂದು ತಂಬಿಗೆ ನೀರು ಕೊಟ್ಟ. ಬಾಯಾರು ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ನಡೆದರು. ಹಿಂದೆ ನಾನು.

"ನೀರ ಕುಡದೆ. ಈಗ ಯಾದಿ ಹಿಂದಕ್ಕ ತಗೋರಿ ಸಾಹೇಬ್ರ."

ಸಾಹೇಬರು ಎಲ್ಲ ಕೇಳಿಕೊಂಡು ತಲೆ ಹಿಡಿದುಕೊಂಡರು. "ಡೂಪ್ಲಿಕೇಟ್ ಎಲ್ಲಾ ತೆಗೆದಾಯ್ತು ಅಂತ ಮೇಲಿನವ್ರಿಗೆ ಹೇಳ್ಬಿಟ್ಟಿದೀನಿ ಮೇಡಂ!"

"ಡೂಪ್ಲಿಕೇಟ್ ಅಲ್ರಿ. ಅಪ್ಪ, ಮಗ."

"ಸರಿ, ಇವರ ವೈವಾ ಮುಂದಿನ ವಾರ ಅಲ್ವಾ? ಪ್ರಾಜೆಕ್ಟೇ ತಪ್ಪು ಅಂದ್ರೆ ಇವರು ಫೇಲ್ ಆಗಲ್ವಾ?"

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಕಿಟಕಿಯಾಚೆ ಕಾಟಾ ಕಾಣುತ್ತಿತ್ತು. ಬಾಯಾರು ನನ್ನನ್ನು ಮೇಲಿಂದ ಕೆಳಗಿನವರೆಗೆ ಅಳೆದು ನೋಡಿ ಹೇಳಿದರು. "ಆಗಬಹುದು. ಇವರ ಪದವಿ ಒಂದ ವರ್ಷ ತಡಾ ಆದ್ರ ಇವರ ತೂಕೇನು ಇಳಿಯೂದಿಲ್ಲ. ಒಣಗಿದ ಕಬ್ಬಿನ ತೂಕ ಇಳೀತೈತಿ."

ನಾನು ಒಪ್ಪಿದೆನೋ ಇಲ್ಲವೋ ನೆನಪಿಲ್ಲ. ಕೇಳಿದ ನೆನಪಂತೂ ಯಾರಿಗೂ ಇಲ್ಲ. ಸೋಮವಾರ ಪಾಳಿಯ ಯಾದಿ ಗೋಡೆಗೆ ಹಚ್ಚುವುದರೊಳಗೆ ಎಲ್ಲ ಸರಿಯಾಗಬೇಕು ಎಂದರು ಸಾಹೇಬರು. ಮಂಗಳವಾರ ವೈವಾ.

ಬಾಯಾರು ಇಡೀ ಕ್ಲಾಸನ್ನು ಕೆಲಸಕ್ಕೆ ಹಚ್ಚಿದರು. ರಾಯಬಾಗದ ಕಡೆಯವರು ರಾಯಬಾಗದ ಊರುಗಳಿಗೆ, ಅಥಣಿ ಕಾಗವಾಡದವರು ಆ ಕಡೆಗೆ, ಉಳಿದದ್ದು ನಾವಿಬ್ಬರು ಸ್ಕೂಟಿಯ ಮೇಲೆ. ಯಾದಿಯಲ್ಲಿ ಹೊಸ ಕಾಲಮ್ಮು ಒಂದನ್ನು ಹಾಕಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಊರಾಗ ಏನಂತಾರ'. ಹೆಸರು ಕಾಗದಕ್ಕಾಯಿತು, ಊರಲ್ಲಿ ಕರೆಯುವುದೇ ಬೇರೆಯಲ್ಲವೇ? ಆ ಕಾಲಮ್ಮು ತುಂಬುತ್ತ ಹೋಯಿತು. ಮೋಟರ್ ಅಪ್ಪಾಸಾಹೇಬ. ಬಂಗ್ಲಿ ಬಾಳಾಸಾಹೇಬ. ಪುಣೆಕ್ಕ ಹೋಗಿ ಬಂದಾಂವ. ಏಕಸಂಬಿಯ ಕಡೆ ಒಂದು ಮನೆಯಲ್ಲಿ ಅಪ್ಪನನ್ನು ಏನಂತಾರೆ ಎಂದು ಓಣಿಯಲ್ಲಿ ಕೇಳಿದರೆ 'ಸಿಟ್ಟಿನಾಂವ' ಎಂದರು. ಮಗನನ್ನು? ಅವನೂ ಸಿಟ್ಟಿನಾಂವ. ನಾನು ಕಂಗಾಲಾದೆ. ಬಾಯಾರು ಸಮಾಧಾನವಾಗಿ, "ದೊಡ್ಡ ಸಿಟ್ಟು, ಸಣ್ಣ ಸಿಟ್ಟು ಅಂತ ಬರಕೋರಿ" ಎಂದರು. ಇಬ್ಬರಲ್ಲಿ ದೊಡ್ಡದು ಮಗನದಿತ್ತು.

ಸುಡುವ ಬಿಸಿಲು. ಪ್ರತಿ ಮನೆಯಲ್ಲಿ ಚಹಾ. ಪ್ರತಿ ಮನೆಯಲ್ಲಿ ಮೊದಲು ಜಗಳ, ಆಮೇಲೆ ನಗು. ಊರಿಂದ ಊರಿಗೆ ಹೋಗುವಾಗ ನಾನು, ಆಗದಿದ್ದರೆ ಏನು, ಪರೀಕ್ಷಕರು ಕೇಳಿದರೆ ಏನು, ಎಂದು ಅವರ ಬೆನ್ನಿಗೆ ಹೇಳುತ್ತಲೇ ಇದ್ದೆ. ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ಗಾಳಿಗೆ ಕೇಳಿಸುತ್ತಿಲ್ಲವೆಂದು ಆಗ ತಿಳಿದಿದ್ದೆ.

ಸೋಮವಾರ ಯಾದಿ ಗೋಡೆ ಹತ್ತಿತು. ಕಬ್ಬೂರಿನ ಅಜ್ಜ ಬಂದಿದ್ದ. ಓದಲು ಬಾರದ ಅವನಿಗೆ ಅವನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. "ಮಗನ ಹೆಸರು ಎಲ್ಲೈತಿ?" ಎಂದ. ಕೆಳಗೆ, ದೂರದಲ್ಲಿ ತೋರಿಸಿದೆ. ಅಷ್ಟು ದೂರ ಇದ್ದದ್ದು ನೋಡಿ ಅವನಿಗೆ ಬಹಳ ಸಂತೋಷವಾಯಿತು.

ಮಂಗಳವಾರ ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಕರೆಂಟು ಇತ್ತು. ಅಕ್ಷರಗಳು ಅಕ್ಷರಗಳಾಗಿಯೇ ಮೂಡಿದವು. ಬೆಳಗಾವಿಯಿಂದ ಬಂದ ಪರೀಕ್ಷಕರು ಕನ್ನಡದಲ್ಲೇ ಮಾತಾಡಿದರು. ಪ್ರಾಜೆಕ್ಟಿನ ತಲೆಬರಹ ಬದಲಾಗಿತ್ತು: ತಪ್ಪಾಗಿ ಒಂದಾದವರನ್ನು ಮತ್ತೆ ಬೇರೆ ಮಾಡಿದ್ದು. ಅವರು ಯಾದಿ ಓದುತ್ತ 'ಸಣ್ಣ ಸಿಟ್ಟು' ಎಂಬಲ್ಲಿ ತಡೆದು ನಿಂತು, ಕರ್ಚೀಫು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನು ಧೈರ್ಯ ಬಂದು, ಬಾಯಾರಿಗೂ ನಗು ಬಂತೇ ಎಂದು ಮುಂದಿನ ಸಾಲಿನ ಕಡೆ ನೋಡಿದೆ.

ಬಾಯಾರು ನಿದ್ದೆ ಹೋಗಿದ್ದರು.

ಚೀಲ ಮಡಿಲಲ್ಲಿತ್ತು. ಕನ್ನಡಕ ಮೂಗಿನಿಂದ ಜಾರಿ ಬಾಯಿಯ ಹತ್ತಿರ ಬಂದಿತ್ತು. ಬಿಸಿಲಿಗೆ ಕಪ್ಪಾದ ಮುಖ ಒಂದು ಕಡೆ ವಾಲಿ, ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು. ನನ್ನ ಅವ್ವ, ಹೆಂಡತಿ, ಸಾಹೇಬರು, ಎಲ್ಲರೂ ನಾನು ಎದ್ದು ನಿಂತರೆ ಎಲ್ಲಿ ಬೀಳುತ್ತಾನೋ ಎಂದು ಕೈ ಮುಂದೆ ಚಾಚಿಕೊಂಡೇ ಇದ್ದವರು. ನಾನು ನಾಲ್ಕು ಮಂದಿಯ ಮುಂದೆ ಮಾತಾಡುತ್ತಿರುವಾಗ, ಇವನಿಗೆ ಏನೂ ಆಗುವುದಿಲ್ಲವೆಂದು ನಿಶ್ಚಿಂತೆಯಿಂದ ನಿದ್ದೆ ಮಾಡಿದವರು ಅವರೊಬ್ಬರೇ.

ನಾನು ದನಿ ಇಳಿಸಿದೆ.

"ಸ್ವಲ್ಪ ಜೋರ ಹೇಳ್ರಿ" ಎಂದರು ಪರೀಕ್ಷಕರು.

"ಆಗೂದಿಲ್ರಿ ಸರ" ಎಂದೆ, ಇನ್ನೂ ಮೆಲ್ಲಗೆ.

ಅವರು ಹುಬ್ಬು ಗಂಟಿಕ್ಕಿ ಏನೋ ಬರೆದುಕೊಂಡರು. ತಿಂಗಳಾದ ಮೇಲೆ ಫಲಿತಾಂಶ ಬಂತು. ಪಾಸಾಗಿದ್ದೆ. ಮಂಡನೆಯ ಅಂಕ ಮಾತ್ರ ಕಡಿಮೆ ಬಿದ್ದಿತ್ತು. ಅದರ ಎದುರು ಕಾರಣವೂ ಇತ್ತು: ದನಿ ಕೇಳಿಸಲಿಲ್ಲ.